ಉತ್ತರವನ್ನು ಮೊದಲೇ ಬರೆದಿಡುತ್ತಿದ್ದವಳು

ಓಂಕಾರ, ಶಿವಾನಿ,

ಹೋದ ತಿಂಗಳು ಫೋನು ಕೆಳಗಿಟ್ಟು ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಾಗ ನೀವಿಬ್ಬರೂ ಬಾಗಿಲಿಗೆ ಬಂದಿರಿ. "ಯಾರು ಹೋದ್ರು ಅಜ್ಜಿ, ನಮ್ಮವರಾ?" ಎಂದು ಶಿವಾನಿ ಕೇಳಿದಳು. ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ನನಗೆ ತಿಳಿಯಲಿಲ್ಲ. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ನಾಲ್ಕು ಮಂದಿಯ ಎದುರು ನನ್ನ ಹೆಸರು ಹೇಳಲೂ ನಾಚುವ ಹೆಂಗಸು ನಾನು. ಹಳ್ಳಿಯ ಶಾಲೆಯಲ್ಲಿ ಏಳನೆಯ ತನಕ ಓದಿದ್ದೇನೆ. ಬರೆಯುವಾಗ ಮಾತ್ರ ಆ ನಾಚಿಕೆ ಸ್ವಲ್ಪ ದೂರ ಸರಿದು ಕೂರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮವ್ವ ನಿಮಗೆ ಕನ್ನಡ ಓದಲು ಕಲಿಸಿದ್ದಾಳೆ. ಅವಸರ ಮಾಡದೆ ಓದಿ.

ಅವಳ ಹೆಸರು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲೇ ಇಲ್ಲ. ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದಳು, ಆದ್ದರಿಂದ 'ಮ್ಯಾಲಿನಾಕಿ' ಎಂದಾಯಿತು. ಮನೆ ಬಿಟ್ಟು ಹೋದ ಮೇಲೂ ಅವಳು ನಮಗೆ ಮ್ಯಾಲಿನಾಕಿಯೇ.

ಹಳ್ಳಿ ಬಿಟ್ಟು ಈ ತೆಲುಗು ನಾಡಿಗೆ ಬಂದು ಕೊಂಡಾಪುರದ ಈ ಮನೆಯನ್ನು ನಿಮ್ಮಜ್ಜ ಕಟ್ಟಿಸಿದಾಗ ಸುತ್ತ ಬರೀ ಬಂಡೆಗಳಿದ್ದವು. ಅವರು ತೀರಿಕೊಳ್ಳುವ ಹೊತ್ತಿಗೆ ಆ ಬಂಡೆಗಳನ್ನೆಲ್ಲ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಮದ್ದು ಸಿಡಿಸುವ ಮುಂಚೆ ಒಬ್ಬ ಸೀಟಿ ಊದುತ್ತಿದ್ದ. ಆಮೇಲೆ ನನ್ನ ಪಾತ್ರೆಗಳ ಸ್ಟ್ಯಾಂಡು ಗಿಲಿಗಿಲಿ ಎನ್ನುತ್ತಿತ್ತು. ನಿಮ್ಮವ್ವನಿಗೆ ಆಗಷ್ಟೇ ಶಂಶಾಬಾದಿನ ಹೊಸ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತ್ತು. ಪಾಳಿಯ ಮೇಲೆ ಹೋಗುತ್ತಿದ್ದಳು. ಇಡೀ ಮನೆಯಲ್ಲಿ ನಾನೊಬ್ಬಳೇ ಗಡಿಯಾರದ ಸದ್ದು ಕೇಳುತ್ತ ಕೂರುವಂತಾಯಿತು. ಹಾಗಾಗಿ ಮೇಲಿನ ಕೋಣೆಯನ್ನು ಯಾರಿಗಾದರೂ ಕೊಡೋಣ ಎಂದು ನಿಮ್ಮವ್ವ ಹೇಳಿದಳು.

ಕೋಣೆ ನೋಡಲು ಬಂದವರೆಲ್ಲ ನೀರು ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಅವಳು ಬಂದವಳೇ ನಲ್ಲಿ ತಿರುಗಿಸಿ, ಅದು ಬುಸ್ ಎಂದದ್ದನ್ನು ಕೇಳಿ, "ನೀರು ಬರದ ದಿನ ಏನ್ ಮಾಡ್ತೀರಿ?" ಎಂದು ಕೇಳಿದಳು.

"ಟ್ಯಾಂಕರ್ ಕರೀತೀವಿ."

"ಟ್ಯಾಂಕರೂ ಬರಲಿಲ್ಲಂದ್ರ?"

"ಕುಂತು ಅಳ್ತೀವಿ," ಎಂದುಬಿಟ್ಟೆ. ಹೊಸಬರ ಮುಂದೆ ಅಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವಳು ಗೋಡೆ ಹಿಡಿದುಕೊಂಡು ನಕ್ಕಳು. "ಖರೇ ಹೇಳೋರು ಸಿಕ್ರು. ಇಲ್ಲೇ ಇರ್ತೀನಿ ಕಾಕು," ಎಂದಳು. ಅವತ್ತಿನಿಂದ ನಾನು ಅವಳಿಗೆ ಚಿಕ್ಕಮ್ಮನಂತೆ, ಕಾಕು.

ಅವಳ ಅಪ್ಪ ಬೀದರ ಕಡೆಯ ಒಂದು ಹಳ್ಳಿಯಿಂದ ಈ ಊರಿನ ಇನ್ನೊಂದು ಅಂಚಿನ ಜೀಡಿಮೆಟ್ಲಾಕ್ಕೆ ಬಂದು, ರಸಾಯನ ತಯಾರಿಸುವ ಒಂದು ಕಾರ್ಖಾನೆಯಲ್ಲಿ ದುಡಿದವರು. ತಾಯಿ ಬೇಗ ಹೋಗಿದ್ದಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ, ಇಂಗ್ಲಿಷು, ಹೀಗೆ ಬೆಳೆದ ಹುಡುಗಿ. ತೆಳ್ಳಗಿದ್ದಳು. ಜಡೆಯನ್ನು ಸುತ್ತಿ ಅದರಲ್ಲಿ ಪೆನ್ಸಿಲು ಚುಚ್ಚಿಕೊಂಡಿರುತ್ತಿದ್ದಳು, ಹೂ ಮುಡಿದ ಹಾಗೆ. ಪೆನ್ಸಿಲು ಇತ್ತೇ ಹೊರತು ರಬ್ಬರ್ ಇರಲಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯುತ್ತಿದ್ದಳು. "ತಪ್ಪು ಮಾಡಿದ್ದು ಕಾಣಬೇಕು ಕಾಕು. ಅಳಿಸಿಬಿಟ್ರ ಅಲ್ಲೇ ಮತ್ತ ಎಡವ್ತೀನಿ," ಎನ್ನುತ್ತಿದ್ದಳು.

ಅವಳ ಕೆಲಸ ಏನೆಂದು ನನಗೆ ಬಹಳ ದಿನ ತಿಳಿಯಲಿಲ್ಲ. 'ಲೈಬ್ರರಿ ಟೆಸ್ಟ್ ಮಾಡ್ತೀನಿ' ಎನ್ನುತ್ತಿದ್ದಳು. ಅದು ಪುಸ್ತಕದ ಮನೆಯಲ್ಲವಂತೆ. ಬೇರೆಯವರು ತಮ್ಮ ಪ್ರೋಗ್ರಾಮಿಗೆ ಹಚ್ಚಿಕೊಂಡು ಬಳಸುವ ಸಿದ್ಧ ಸಾಮಾನಂತೆ. ಒಂದು ದಿನ ನಾನು ಮೂಲೆಯ ಕಿರಾಣಿ ಅಂಗಡಿಯಿಂದ ಸಾಮಾನು ತಂದು ಮೆಟ್ಟಿಲ ಮೇಲೆ ಕುಳಿತಿದ್ದೆ. ನನಗೆ ತೆಲುಗು ಬಾರದು, ನಿಮ್ಮವ್ವನೇ ಅಂಗಡಿಯವನೊಂದಿಗೆ ಮಾತಾಡಿದ್ದಳು. ಅದನ್ನೇ ಹಿಡಿದು ಅವಳು ನನಗೆ ತಿಳಿಸಿ ಹೇಳಿದಳು.

"ನೋಡ್ರಿ ಕಾಕು. ನಿಮಗ ಬ್ಯಾಳಿ ಬೇಕು. ನೀವು ಮಗಳಿಗಿ ಕನ್ನಡದಾಗ ಹೇಳಿದ್ರಿ, ಆಕಿ ಅಂಗಡ್ಯಾಂವಗ ತೆಲುಗುದಾಗ ಹೇಳಿದಳು. ಹೌದಿಲ್ಲೋ? ಕಂಪನಿಗಳೊಳಗ ಮಾಹಿತಿ ತುಂಬಿದ ದೊಡ್ಡ ಅಂಗಡಿ ಇರ್ತಾವ, ಡೇಟಾಬೇಸ್ ಅಂತಾರ. ಆ ಅಂಗಡ್ಯಾಂವಗ ಅವನ ಭಾಷೆ ಒಂದ ತಿಳಿತೈತಿ. ನಮ್ಮ ಲೈಬ್ರರಿ ನಿಮ್ಮ ಮಗಳಿದ್ದಂಗ. ನಾವು ಹೇಳಿದ್ದನ್ನ ಅವನ ಭಾಷೆದಾಗ ವಾಕ್ಯ ಮಾಡಿ ಕೊಡ್ತೈತಿ. ಆ ವಾಕ್ಯ ಸರಿ ಐತೋ ಇಲ್ಲೋ ನೋಡೋದು ನನ್ನ ಕೆಲಸ."

"ಇಷ್ಟಕ್ಕ ಪಗಾರ ಕೊಡ್ತಾರೇನು?"

"ಕೊಡ್ತಾರಲ್ಲ! ಈಗ ಕೇಳ್ರಿ, ನೀವು ಮಗಳಿಗಿ ಏನೂ ಹೇಳಲಾರದ ಅಂಗಡಿಗಿ ಕಳಿಸಿದ್ರಿ ಅಂತ ತಿಳ್ಕೋರಿ. ಏನು ತರ್ತಾಳ?"

"ಏನೂ ತರಂಗಿಲ್ಲ. ಖಾಲಿ ಕೈಲೆ ಬರ್ತಾಳ."

"ಮನುಷ್ಯಾರು ಹಂಗ. ಮಿಷಿನ್ ಹಂಗಲ್ಲ. ಏನೂ ಹೇಳಲಿಲ್ಲಂದ್ರ ಇಡೀ ಅಂಗಡೀನ ಹೊತ್ಕೊಂಡು ಬಂದ್ರೂ ಬಂತು. ಅದಕ್ಕ ಮೊದಲು ಖಾಲಿ ಕೊಟ್ಟು ನೋಡಬೇಕು."

ಖಾಲಿ ಕೊಟ್ಟು ನೋಡುವುದು ಅವಳ ರಕ್ತಕ್ಕೇ ಅಂಟಿಕೊಂಡಿತ್ತು. ಅವಳನ್ನು ನೋಡಲು ಒಬ್ಬ ವರ ಬಂದಿದ್ದ. ನನ್ನ ಪಡಸಾಲೆಯಲ್ಲೇ ಕೂರಿಸಿದ್ದೆವು. ಅವನು ತನ್ನ ಕಂಪನಿ, ಕಾರು, ಕಟ್ಟಿಸುತ್ತಿರುವ ಫ್ಲ್ಯಾಟು ಎಲ್ಲ ಹೇಳಿ ಮುಗಿಸಿದ ಮೇಲೆ ಅವಳು, "ಪಗಾರ ಬರಲಾರದ ತಿಂಗಳು ನೀವು ಹ್ಯಾಂಗ ಇರ್ತೀರಿ?" ಎಂದು ಕೇಳಿದಳು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಅವಳಪ್ಪ ಆ ಲೋಟವನ್ನು ಎತ್ತಿ ಕುಡಿಯುತ್ತ, "ಕ್ಯಾ ಬೇಟಿ, ಇವನೂ ಫೇಲಾ? ನಿನ್ನ ಕಡೆ ಇನ್ನೂ ನಾನೇ ಪಾಸಾಗಿಲ್ಲ, ಅವನ ಪಾಡೇನು!" ಎಂದರು.

ಆ ಅಪ್ಪ ಮೊದಲು ಜೀಡಿಮೆಟ್ಲಾದಲ್ಲೇ ಇದ್ದರು. ಕೆಮ್ಮು ಹೆಚ್ಚಾದ ಮೇಲೆ ಅವಳು ಇಲ್ಲಿಗೆ ಕರೆತಂದಳು. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು, ಉಸಿರು ಸಾಲದೆ ನಿಂತದ್ದನ್ನು ಮರೆಮಾಚಲು ನನ್ನ ತುಳಸಿ ಕುಂಡವನ್ನು ಹೊಗಳುತ್ತಿದ್ದರು. "ಭಾಳ ಚಂದ ಬೆಳೆದೈತ್ರಿ ಅಕ್ಕಾರ," ಎನ್ನುತ್ತಿದ್ದರು. ಪಾಪ, ಆ ತುಳಸಿ ಆಗ ಒಣಗಿ ಕಡ್ಡಿಯಾಗಿತ್ತು.

ಅವಳು ಕೆಲಸ ಮಾಡುತ್ತಿದ್ದ ರೀತಿಯನ್ನು ನಿಮಗೆ ಹೇಳಬೇಕು. ಲೈಬ್ರರಿಗೆ ಒಂದು ಪ್ರಶ್ನೆ ಕೊಡುವ ಮೊದಲು, ಅದು ಬರೆಯಬೇಕಾದ ವಾಕ್ಯವನ್ನು ಅವಳು ತಾನೇ ಪೆನ್ಸಿಲಿನಿಂದ ಹಾಳೆಯ ಮೇಲೆ ಬರೆಯುತ್ತಿದ್ದಳು. ಬರೆದು ಹಾಳೆಯನ್ನು ಮಗುಚಿ ಇಡುತ್ತಿದ್ದಳು. ಆಮೇಲೆಯೇ ಮಿಷಿನ್ನಿನ ವಾಕ್ಯವನ್ನು ನೋಡುವುದು. ಎರಡೂ ಹೊಂದಿದರೆ ಪಾಸು, ಇಲ್ಲವಾದರೆ ಫೇಲು. ನಮ್ಮೂರ ಶಾಲೆಯ ಮಾಸ್ತರರೂ ಲೆಕ್ಕ ಕೊಡುವ ಮುಂಚೆ ಉತ್ತರವನ್ನು ಬೋರ್ಡಿನ ಹಿಂಬದಿಗೆ ಬರೆದಿಡುತ್ತಿದ್ದರು. ಅದನ್ನು ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. "ನೋಡ್ರಿ, ನಿಮ್ಮ ಮಾಸ್ತರ್ ಖರೇ ಟೆಸ್ಟರ್. ಹುಡುಗರ ಪಾಟಿ ನೋಡಿ ಉತ್ತರ ಬರ್ಕೊಂಡಿದ್ರ ಎಲ್ಲಾರೂ ಪಾಸ್!"

ರವಿವಾರ ಮಧ್ಯಾಹ್ನ ರೊಟ್ಟಿ ಊಟ ಮುಗಿದ ಮೇಲೆ ಅವಳು ಅಚ್ಚಾದ ಹಾಳೆಗಳನ್ನು ತಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಮಿಷಿನ್ನಿನ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಓದಬೇಕು, ಅವಳು ತನ್ನ ಹಾಳೆಯ ಮೇಲೆ ಬೆರಳಿಟ್ಟು ನೋಡಬೇಕು. ನನಗೆ ಇಂಗ್ಲಿಷಿನ ಅರ್ಥ ತಿಳಿಯದು, ಅಕ್ಷರ ಬರುತ್ತವೆ. "ಅರ್ಥ ತಿಳಿಲಾರದವರ ಛಲೋ ಓದ್ತಾರ ಕಾಕು. ನನ್ನ ಕಣ್ಣು ಇಲ್ಲದ್ದನ್ನೂ ಐತಿ ಅಂತ ತುಂಬ್ಕೊಂಡು ಓದ್ತಾವ," ಎನ್ನುತ್ತಿದ್ದಳು. ಪ್ರಶ್ನೆ ಚಿಹ್ನೆಗೆ ನಾನು ಕುಡುಗೋಲು ಎನ್ನುತ್ತಿದ್ದೆ, ಕಂಸಕ್ಕೆ ಕಮಾನು, ನಕ್ಷತ್ರದ ಗುರುತಿಗೆ ಚುಕ್ಕಿ. ಓದುತ್ತ ಓದುತ್ತ ಕೆಲವು ಮಾತು ಪರಿಚಯವಾದವು. ಸೆಲೆಕ್ಟ್ ಎಂದರೆ ಆರಿಸಿ ಕೊಡು. ಡಿಲೀಟ್ ಎಂದರೆ ಅಳಿಸು. ವೇರ್ ಎಂದರೆ ಯಾರದು, ಯಾವುದು ಎಂದು ಗುರುತು ಹೇಳುವ ಮಾತು. 'ಸೆಲೆಕ್ಟ್ ಚುಕ್ಕಿ ಫ್ರಂ' ಎಂದು ನಾನು ಓದುವಾಗ ಅವಳಪ್ಪ ಮೇಲಿನಿಂದ, "ಅಕ್ಕಾರ, ಪುರಾಣ ಯಾವ ಅಧ್ಯಾಯಕ್ಕ ಬಂತ್ರಿ?" ಎಂದು ಕೂಗುತ್ತಿದ್ದರು. ನಾನು ವಿಧವೆಯಾದ ಮೇಲಿನ ವರ್ಷಗಳಲ್ಲಿ ಆ ರವಿವಾರಗಳಷ್ಟು ಹಗುರವಾದ ದಿನಗಳು ಬೇರೆ ಇರಲಿಲ್ಲ.

ಅಪ್ಪನ ಎದೆಯ ಫೋಟೋ ತೆಗೆಸಿದಾಗ ವೈದ್ಯರು ಆಪರೇಷನ್ ಆಗಲೇಬೇಕು, ತಡಮಾಡಬಾರದು ಎಂದರು. ಅವಳದು ಕಾಂಟ್ರ್ಯಾಕ್ಟ್ ಕೆಲಸ. ಪರ್ಮನೆಂಟ್ ಆದವರಿಗೆ ಮಾತ್ರ ಕಂಪನಿ ಆಸ್ಪತ್ರೆಯ ಕಾರ್ಡು ಕೊಡುತ್ತಿತ್ತು, ಅದರಲ್ಲಿ ತಂದೆತಾಯಿಯ ಹೆಸರೂ ಸೇರುತ್ತಿತ್ತು. ಆ ಕಾರ್ಡು ಬಂದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ. ಗಣಪತಿ ಕೂರುವುದರೊಳಗೆ ಲೈಬ್ರರಿ ಗಿರಾಕಿಗಳ ಕೈ ಸೇರಿದರೆ ಅವಳನ್ನು ಪರ್ಮನೆಂಟ್ ಮಾಡುವುದಾಗಿ ಅವಳ ಸಾಹೇಬ ಹೇಳಿದ. ಆದರೆ ನೋಡಬೇಕಾದ ವಾಕ್ಯಗಳು ಗುಡ್ಡದಷ್ಟಿದ್ದವು. ಒಂದೊಂದಕ್ಕೂ ಉತ್ತರ ಬರೆದು ಮಗುಚಿಡುತ್ತ ಕೂತರೆ ಗಣಪತಿ ಕೂತು, ಎದ್ದು, ನೀರಿಗೂ ಹೋಗಿಬಿಡುತ್ತಾನೆ.

"ಸಾಹೇಬ ಏನಂದ ಗೊತ್ತೇನ್ರಿ?" ಎಂದು ಒಂದು ಸಂಜೆ ಅವಳು ಅವನ ದನಿಯಲ್ಲೇ ಹೇಳಿ ತೋರಿಸಿದಳು. "'ಎಂದುಕಮ್ಮಾ ಇಂತ ಕಷ್ಟಂ? ಅದಿ ಇಚ್ಚಿಂದೇ ಕಾಪಿ ಚೇಸಿ ಪೆಟ್ಟೆಯ್!' ಅದು ಏನು ಕೊಡ್ತೈತಿ ಅದನ್ನ ಕಾಪಿ ಮಾಡಿ ಉತ್ತರದ ಜಾಗಾದಾಗ ಇಟ್ಟುಬಿಡು ಅಂತ. ಮಿಷಿನ್ ಬರೆದದ್ದಕ್ಕ ಮಿಷಿನ್ ಬರೆದದ್ದ ಉತ್ತರ. ಹೊಂದಲಾರದ ಎಲ್ಲಿ ಹೋಗ್ತೈತಿ?"

"ನೀ ಏನಂದಿ?"

 ಮೇಲೆ ಅಪ್ಪ ಕೆಮ್ಮುತ್ತಿದ್ದರು. ಅವಳು ನೀರಿನ ತಂಬಿಗೆ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ಅವಳು ಕಾಪಿ ಮಾಡಿದಳು. ಉಳಿದಿದ್ದ ವಾಕ್ಯಗಳೆಲ್ಲ ಪಾಸಾದವು. ಪಾಸಾದದ್ದೆಲ್ಲ ಪರದೆಯ ಮೇಲೆ ಹಸಿರಾಗಿ ಕಾಣುತ್ತದಂತೆ, ಇಡೀ ಪರದೆ ಭತ್ತದ ಗದ್ದೆಯಂತಿತ್ತು ಎಂದಳು. ಲೈಬ್ರರಿ ಹೊರಗೆ ಹೋಯಿತು. ಅವಳು ಪರ್ಮನೆಂಟ್ ಆದಳು. ಕಾರ್ಡು ಬಂತು. ಅದರ ಮೇಲೆ ಅಪ್ಪನ ಫೋಟೋ ಇತ್ತು. ಅವರು ಅದನ್ನು ಓಣಿಯ ಇಸ್ತ್ರಿಯವನಿಗೂ ತೋರಿಸಿದರು. "ನೋಡ್ರಿ ಅಕ್ಕಾರ, ಲಗ್ನದಾಗೂ ಇಷ್ಟು ಚಂದ ಫೋಟೋ ಬಂದಿರಲಿಲ್ಲ," ಎಂದು ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ದಸರೆ ಮುಗಿದ ವಾರ ಆಸ್ಪತ್ರೆಗೆ ಸೇರುವುದೆಂದು ಗೊತ್ತಾಯಿತು.

ಆದರೆ ಅವಳು ರವಿವಾರ ಕೆಳಗೆ ಬರುವುದು ನಿಂತಿತ್ತು. ಓದಲು ಹಾಳೆಗಳೇ ಇರಲಿಲ್ಲವಲ್ಲ. ಮೆಟ್ಟಿಲಲ್ಲಿ ಎದುರಾದರೆ ನಗುತ್ತಿದ್ದಳು, ಜಡೆಯಲ್ಲಿ ಪೆನ್ಸಿಲು ಇರುತ್ತಿರಲಿಲ್ಲ.

ದಸರೆಗೆ ಮುಂಚಿನ ರವಿವಾರ. ಓಣಿಯ ಹೆಂಗಸರು ಬತುಕಮ್ಮ ಹಬ್ಬಕ್ಕೆ ಹೂ ಜೋಡಿಸುತ್ತಿದ್ದರು, ಚೆಂಡುಹೂವಿನ ವಾಸನೆ ನಮ್ಮ ಪಡಸಾಲೆಯ ತನಕ ಬರುತ್ತಿತ್ತು. ನಾನು ಜೋಳ ಹಸನು ಮಾಡುತ್ತಿದ್ದೆ. ಅವಳು ಹಾಳೆಗಳ ಕಟ್ಟು ಹಿಡಿದು ಇಳಿದು ಬಂದಳು.

"ಕಾಕು, ಒಂದಿಷ್ಟು ಓದ್ರಿ."

"ಎಲ್ಲಾ ಮುಗಿತು ಅಂದಿದ್ದಿ?"

"ಮುಗಿತು. ಕಾಪಿ ಹೊಡೆದದ್ದಕ್ಕೆಲ್ಲ ಈಗ ನನ್ನ ಕೈಲೆ ಉತ್ತರ ಬರ್ದೀನಿ. ಸುಮ್ನ ನೋಡೂಣು. ನನಗ ಊಟ ಸೇರವಲ್ದು."

ಓದಿದೆ. ಬಹಳಷ್ಟು ಹೊಂದಿದವು. ಅವಳ ಮುಖ ಸ್ವಲ್ಪ ಸಡಿಲಾಯಿತು, ಒಂದೆರಡು ಸಲ ನನ್ನ ಕುಡುಗೋಲಿಗೆ ನಕ್ಕಳು ಕೂಡ. ಆಮೇಲೆ ಒಂದು ಹಾಳೆ ಬಂತು. ನಾನು, "ಡಿಲೀಟ್ ಫ್ರಂ ಬುಕಿಂಗ್" ಎಂದು ಓದಿ ನಿಂತೆ.

"ಮುಂದ ಓದ್ರಿ."

"ಮುಂದ ಏನಿಲ್ಲ."

"ವೇರ್ ಇರಬೇಕು ನೋಡ್ರಿ. ಹಾಳಿ ತಿರುವ್ರಿ."

"ತಿರುವೀನವ್ವ. ಹಿಂದ ಬರೇ ಬಿಳಿ ಐತಿ."

ಅವಳು ಹಾಳೆಯನ್ನು ಕಸಿದುಕೊಂಡಳು. ಎರಡೂ ಬದಿ ತಿರುವಿ ನೋಡಿದಳು. ಆಮೇಲೆ ನನಗಲ್ಲ, ಜೋಳದ ಮೊರಕ್ಕೆ ಹೇಳುವ ಹಾಗೆ ಹೇಳಿದಳು. ಯಾರ ಯಾರ ಹೆಸರು ಅಳಿಸಬೇಕು ಎಂದು ಒಂದು ಪಟ್ಟಿ ಕೊಡುತ್ತಾರೆ. ಆ ಪಟ್ಟಿ ಖಾಲಿ ಇದ್ದರೆ ಯಾರನ್ನೂ ಅಳಿಸಬಾರದು. ಆದರೆ ಈ ಲೈಬ್ರರಿ ಪಟ್ಟಿ ಖಾಲಿ ಕಂಡರೆ 'ಯಾರನ್ನು' ಎಂಬ ಮಾತನ್ನೇ ಬಿಟ್ಟುಬಿಡುತ್ತಿದೆ. ಬರೀ 'ಅಳಿಸು' ಎಂದು ಹೇಳುತ್ತಿದೆ. ಒಂದೂ ಉಳಿಯುವುದಿಲ್ಲ.

"ಖಾಲಿ ಕೊಟ್ಟು ನೋಡೋದು ನಾ ಮರ್ತಿದ್ದಿಲ್ಲ ಕಾಕು. ಕೊಟ್ಟಿದ್ದೆ. ಬಂದದ್ದನ್ನ ನೋಡಲಿಲ್ಲ. ಬಂದದ್ದ ಸರಿ ಅಂತ ಬರ್ಕೊಂಡೆ."

ಲೈಬ್ರರಿ ಆಗಲೇ ಎಲ್ಲೆಲ್ಲಿಗೋ ಹೋಗಿತ್ತು. ಯಾವ ಆಸ್ಪತ್ರೆಯೋ, ಯಾವ ಶಾಲೆಯೋ, ಯಾರು ಬಳಸುತ್ತಿದ್ದಾರೋ. ಕಂಪನಿಗೆ ಈಗಲೇ ತಿಳಿಸಬೇಕು. ತಿಳಿಸಿದರೆ, ನೋಡದೆ ಪಾಸು ಹಾಕಿದ್ದನ್ನೂ ಹೇಳಬೇಕು. ಹೇಳಿದರೆ ಕೆಲಸ ಉಳಿಯುತ್ತದೋ ಇಲ್ಲವೋ. ಕೆಲಸ ಹೋದರೆ ಕಾರ್ಡು ಹೋಗುತ್ತದೆ.

ನಾನು ಸಾಮಾನ್ಯವಾಗಿ ಇನ್ನೊಬ್ಬರ ಮಾತಿನಲ್ಲಿ ಬಾಯಿ ಹಾಕುವವಳಲ್ಲ. ಅವತ್ತು ಅವಳ ಮೊಣಕೈ ಹಿಡಿದು, "ಆಪರೇಷನ್ ಆದ ಮ್ಯಾಲೆ ಹೇಳು. ನಾಕು ದಿನಕ್ಕ ಏನಾಗ್ತೈತಿ?" ಎಂದೆ.

"ಈ ನಾಕು ದಿನದಾಗ ಯಾರರ ಖಾಲಿ ಕೊಟ್ರ?"

ಅವಳಪ್ಪ ಮೆಟ್ಟಿಲ ಮಧ್ಯದಲ್ಲಿ, ತಮ್ಮ ಎಂದಿನ ಜಾಗದಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಹೋಗಿ ಹೇಳವ್ವ," ಎಂದರು. "ನಮ್ಮ ಕಾರ್ಖಾನ್ಯಾಗ ಪೈಪು ಸೋರ್ತೈತಿ ಅಂದಾಗ ನಾಳಿ ನೋಡಿದ್ರಾತು ಅಂದಿದ್ರು. ಅದ ನಾಳಿ ನನ್ನ ಎದಿಯಾಗ ಕುಂತೈತಿ."

ಅವಳು ಮುಖ ತೊಳೆಯಲು ಒಳಗೆ ಹೋದಳು. ಅವರು ಮೆಲ್ಲಗೆ ಕೆಳಗಿಳಿದು ಬಂದು ನನ್ನ ಎದುರು ಕುಳಿತರು. ಅಂಗಿಯ ಒಳಜೇಬನ್ನು ಮುಟ್ಟಿ ನೋಡಿಕೊಂಡು, ಮಗಳಿಗೆ ಕೇಳದ ಹಾಗೆ ಕೇಳಿದರು: "ಕಾರ್ಡು ತಿರುಗಿ ಇಸ್ಕೋತಾರೇನ್ರಿ ಅಕ್ಕಾರ?"

ನಾನು ಮೊರ ಎತ್ತಿಕೊಂಡು ಜೋಳ ಹಾರಿಸತೊಡಗಿದೆ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮರುದಿನ ಮುಂಜಾನೆ ಅವಳು ಹೋಗಿ ಹೇಳಿದಳು, ಬರೆದೂ ಕೊಟ್ಟಳು. ತಪ್ಪನ್ನು ಮಧ್ಯಾಹ್ನದೊಳಗೆ ಸರಿಮಾಡಿ ಎಲ್ಲ ಗಿರಾಕಿಗಳಿಗೂ ಕಳಿಸಿದರಂತೆ. ಯಾರಿಗೂ ಏನೂ ಹಾನಿಯಾದ ಸುದ್ದಿ ಬರಲಿಲ್ಲ. ಆದರೆ ಕಂಪನಿಯ ಮೇಲಿನವರಿಗೆ ತಪ್ಪು ಇವರದು ಎಂದು ಯಾರನ್ನಾದರೂ ತೋರಿಸಬೇಕಿತ್ತು. ನೋಡದೆ ಪಾಸು ಹಾಕಿದ್ದೇನೆ ಎಂದು ಅವಳೇ ಬರೆದುಕೊಟ್ಟಿದ್ದಳಲ್ಲ. ಕೋಣೆಗೆ ಕರೆದು ಕೆಲಸದಿಂದ ತೆಗೆದಿದ್ದೇವೆ ಎಂದು ಹೇಳಿದಾಗ ಸಾಹೇಬನೂ ಅಲ್ಲೇ ಇದ್ದನಂತೆ. "ಕಾಪಿ ಚೇಸೆಯ್ ಅಂದಾಂವ ಕಿಟಕಿ ಹೊರಗ ನೋಡಾಕತ್ತಿದ್ದ ಕಾಕು. ಹೊರಗ ಏನಿತ್ತೋ ಏನೋ, ಬರೇ ಬಂಡೆಗಲ್ಲು ಇದ್ವು," ಎಂದಳು. ಸಾಹೇಬನಿಗೂ ಎರಡು ಸಣ್ಣ ಮಕ್ಕಳಿದ್ದರು ಎಂದೂ ಅವಳೇ ಸೇರಿಸಿದಳು.

ಕಾರ್ಡು ತಿರುಗಿ ಇಸ್ಕೊಂಡರು.

ಸರಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದೆವು. ಪಾಳಿ ಬರುವ ತನಕ ಕಾಯಬೇಕು. ಅವಳು ಅಲ್ಲಿಲ್ಲಿ ಸಣ್ಣ ಕೆಲಸ ಮಾಡುತ್ತ ಅಪ್ಪನನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಹಗಲು ನಾನು ಜೊತೆಗಿರುತ್ತಿದ್ದೆ. ಆ ಮನುಷ್ಯ ಒಂದು ದಿನವೂ ಮಗಳನ್ನು ಚುಚ್ಚಲಿಲ್ಲ. ನನ್ನ ತುಳಸಿ ಅಷ್ಟರಲ್ಲಿ ನಿಜಕ್ಕೂ ಚಿಗುರಿತ್ತು. ಅದನ್ನು ಹೊಗಳಲು ಮೆಟ್ಟಿಲ ತನಕ ಬರಲು ಅವರಿಗೆ ಆಗುತ್ತಿರಲಿಲ್ಲ. ಸಂಕ್ರಾಂತಿಯ ಚಳಿ ಇನ್ನೂ ಇರುವಾಗಲೇ ಹೋದರು. ಆಸ್ಪತ್ರೆಯ ಪಾಳಿ ಬಂದಿರಲಿಲ್ಲ.

ಬೀದರ ಕಡೆಯಿಂದ ಸಂಬಂಧಿಕರು ಬಂದರು, ಜೀಡಿಮೆಟ್ಲಾದಿಂದ ಅವರ ಜೊತೆ ದುಡಿದವರು ಬಂದರು. ಎಲ್ಲರೂ ಅವಳ ತಲೆ ಸವರಿ ಒಂದೇ ಮಾತು ಹೇಳಿದರು. "ಭಾಳ ನೋವು ತಿಂತಿದ್ದ. ಬಿಡುಗಡೆ ಆತು. ಛಲೋ ಆತು ತಿಳ್ಕೋ."

ಅವಳು ಪ್ರತಿ ಸಲವೂ ತಲೆ ಎತ್ತಿ, "ಛಲೋ ಆಗಿಲ್ಲ," ಎಂದಳು. ಸಿಟ್ಟಿನಿಂದಲ್ಲ. ಬಸ್ಸಿನಲ್ಲಿ ತಪ್ಪು ಊರಿನ ಟಿಕೀಟು ಕೊಟ್ಟರೆ ಇದಲ್ಲ ಎಂದು ಹೇಳುವಂತೆ. ಒಬ್ಬ ಮುದುಕಿ, "ಏನ್ ಹುಡುಗೀನೋ, ಸಮಾಧಾನ ಹೇಳಾಕೂ ಬಿಡಂಗಿಲ್ಲ," ಎಂದು ಮೂಗು ಮುರಿದಳು.

ಎಲ್ಲರೂ ಹೋದ ಮೇಲೆ ಒಂದು ಮಧ್ಯಾಹ್ನ ನಾನು ಧೈರ್ಯ ಮಾಡಿ ಕೇಳಿದೆ. "ಅವತ್ತು ಹೋಗಿ ಹೇಳಿದ್ದು ತಪ್ಪಾತೇನವ್ವ?"

"ಇಲ್ಲ ಕಾಕು. ಅದು ಸರಿ ಇತ್ತು," ಎಂದಳು. ನೆಲದ ಮೇಲೆ ಬೆರಳಿನಿಂದ ಏನೋ ಗೀಚಿದಳು. "ಅವತ್ತು ಮುಂಜಾನೆ ಬಸ್ಸಿನಾಗ ಕುಂತು ಮನಸಿನಾಗ ಉತ್ತರ ಬರ್ಕೊಂಡಿದ್ದೆ. ಖರೇ ಹೇಳ್ತೀನಿ, ಬೈತಾರ, ಆದ್ರ ಇಟ್ಕೋತಾರ, ಅಪ್ಪ ಉಳಿತಾನ. ಹಿಂಗ ಬರ್ದಿದ್ದೆ. ಬಂದದ್ದು ಬ್ಯಾರೆ. ಈಗ ಎಲ್ಲಾರೂ ಬಂದದ್ದನ್ನ ಕಾಪಿ ಮಾಡಿ ಉತ್ತರದ ಜಾಗಾದಾಗ ಇಡು ಅಂತಾರ. ಛಲೋ ಆತು ಅನ್ನು, ದೇವರು ಬಯಸಿದ್ದು ಇದ ಅನ್ನು ಅಂತಾರ. ಒಮ್ಮೆ ಹಂಗ ಮಾಡಿ ನೋಡೀನಿ ಕಾಕು. ಇನ್ನೊಮ್ಮೆ ಮಾಡಂಗಿಲ್ಲ. ಅಪ್ಪ ಇರಬೇಕಾಗಿತ್ತು. ಇಲ್ಲ. ಹೊಂದಲಿಲ್ಲ. ಅಷ್ಟ."

ಮಕ್ಕಳೇ, ನಿಮ್ಮಜ್ಜ ಹೋದಾಗ ನನಗೂ ಜನ ಹೇಳಿದ್ದರು. ನರಳಲಿಲ್ಲ, ಮಲಗಿದಲ್ಲೇ ಹೋದರು, ಪುಣ್ಯವಂತರು ಎಂದು. ನಾನು ಎಲ್ಲರಿಗೂ ಹೌದು ಹೌದು ಎಂದು ತಲೆಯಾಡಿಸಿದ್ದೆ. ಬಂದವರಿಗೆಲ್ಲ ಚಹಾ ಮಾಡಿಕೊಟ್ಟಿದ್ದೆ. ಕಣ್ಣೀರು ಬಂದಿರಲಿಲ್ಲ, ಬಂದರೆ ಅವರ ಪುಣ್ಯಕ್ಕೆ ಕಡಿಮೆಯಾಗುತ್ತದೇನೋ ಎಂಬಂತೆ. ಆ ಮಧ್ಯಾಹ್ನ ಮ್ಯಾಲಿನಾಕಿಯ ಪಕ್ಕದಲ್ಲಿ ಕುಳಿತು ನಾನು ನಿಮ್ಮಜ್ಜನಿಗಾಗಿ ಮೊದಲ ಸಲ ಅತ್ತೆ. ಅವಳು ಎದ್ದು ಹೋಗಿ ಒಲೆಯ ಮೇಲಿದ್ದ ಹಾಲನ್ನು ಇಳಿಸಿ ಬಂದು ಮತ್ತೆ ಕುಳಿತಳು.

ಆಮೇಲೆ ಅವಳು ಅಮೀರ್‌ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ಹೊಸ ಹುಡುಗ ಹುಡುಗಿಯರಿಗೆ ಟೆಸ್ಟಿಂಗ್ ಕಲಿಸಲು ಸೇರಿದಳು. ಅಲ್ಲಿಗೆ ಹತ್ತಿರವಾಗಲೆಂದು ಮನೆ ಬದಲಿಸಿದಳು. ಪ್ರತಿ ದಸರೆಗೆ ಬನ್ನಿ ಎಲೆ ಹಿಡಿದು ಬರುತ್ತಿದ್ದಳು. "ಕುಡುಗೋಲು ಮರ್ತಿಲ್ಲಲ್ಲ ಕಾಕು?" ಎಂದು ಕೇಳುತ್ತಿದ್ದಳು. ಓಂಕಾರ, ನಿನಗೆ ನೆನಪಿರಬಹುದು, ನಿನ್ನ ಆಟಿಕೆಯ ರೈಲಿನಿಂದ ಸೆಲ್ ತೆಗೆದು, ಅದು ಹೋಗುತ್ತದೋ ಇಲ್ಲವೋ ನೋಡೋಣ ಎಂದು ಬಟನ್ ಒತ್ತಿ ನಿನ್ನನ್ನು ಅಳಿಸಿದ ಅತ್ತೆ ಅವಳೇ.

ಹೋದ ತಿಂಗಳು ಫೋನು ಮಾಡಿದ್ದು ಅವಳ ಬಳಿ ಕಲಿತ ಒಬ್ಬ ಹುಡುಗಿ. ಮ್ಯಾಲಿನಾಕಿಗೆ ಜ್ವರ ಬಂದಿತ್ತಂತೆ, ಸಾದಾ ಜ್ವರ ಎಂದುಕೊಂಡಿದ್ದರಂತೆ, ಅದು ರಕ್ತಕ್ಕಿಳಿದು ಅವಳು ಉಳಿಯಲಿಲ್ಲವಂತೆ. ನಾನೂ ನಿಮ್ಮವ್ವನೂ ಹೋದೆವು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಅವಳ ಕಡೆಯ ಒಬ್ಬ ಹೆಂಗಸು ಸೆರಗು ಬಾಯಿಗಿಟ್ಟು, "ಹಿಂದಿಲ್ಲ ಮುಂದಿಲ್ಲ. ಯಾರಿಗೂ ಭಾರ ಆಗಲಿಲ್ಲ. ಹೋದದ್ದ ಛಲೋ ಆತು ಬಿಡ್ರಿ," ಎಂದಳು. ಕುಳಿತವರೆಲ್ಲ ತಲೆಯಾಡಿಸಿದರು.

"ಛಲೋ ಆಗಿಲ್ಲ."

ಯಾರು ಹೇಳಿದರೆಂದು ನಾನೂ ಒಂದು ಕ್ಷಣ ತಿರುಗಿ ನೋಡಿದೆ. ಹೇಳಿದವಳು ನಾನೇ. ಅಷ್ಟು ಮಂದಿ ಅಪರಿಚಿತರು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಂದ್ರಿ ಅಕ್ಕಾರ?" ಎಂದಳು ಆ ಹೆಂಗಸು.

"ಛಲೋ ಆಗಿಲ್ರಿ. ಆಕಿ ಇರಬೇಕಾಗಿತ್ತು."

ನಿಮ್ಮವ್ವ ನನ್ನ ಕೈ ಹಿಡಿದುಕೊಂಡಳು. ಮೂಲೆಯಲ್ಲಿ ನಿಂತಿದ್ದ, ಫೋನು ಮಾಡಿದ್ದ ಆ ಹುಡುಗಿ ಗಟ್ಟಿಯಾಗಿ ಅಳತೊಡಗಿದಳು. ಅವಳ ಜಡೆಯಲ್ಲಿ ಪೆನ್ಸಿಲು ಇತ್ತು.

ಶಿವಾನಿ, ನೀನು ಕೇಳಿದ್ದಕ್ಕೆ ಈಗ ಹೇಳುತ್ತೇನೆ. ಹೌದು, ನಮ್ಮವಳು. ಅವಳ ರೀತಿಯಲ್ಲೇ ಇಲ್ಲಿ ಬರೆದಿಡುತ್ತೇನೆ. ಅವಳ ಅಪ್ಪ ಆ ಕಾರ್ಡನ್ನು ತೋರಿಸಿ ಆಸ್ಪತ್ರೆಯ ಒಳಗೆ ಹೋಗಿ, ಯಾವುದೋ ಸಿಟ್ಟಿನ ನರ್ಸಮ್ಮನನ್ನು ನಗಿಸಿ, ನಡೆದುಕೊಂಡು ಮನೆಗೆ ಬರಬೇಕಿತ್ತು. ಅವಳ ಜಡೆ ಪೂರ್ತಿ ಬೆಳ್ಳಗಾಗಬೇಕಿತ್ತು. ಈ ದಸರೆಗೂ ಬನ್ನಿ ಹಿಡಿದು ಬಂದು ನನ್ನ ಬಿಸಿ ರೊಟ್ಟಿ ತಿನ್ನಬೇಕಿತ್ತು. ನನ್ನ ಹಿಂದೆ ಅವಳು ಅಳಬೇಕಿತ್ತು, ಅವಳ ಹಿಂದೆ ನಾನಲ್ಲ. ಬರಬೇಕಾಗಿದ್ದದ್ದು ಇದು. ಬಂದದ್ದು ಬೇರೆ. ಹೊಂದಲಿಲ್ಲ.

ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ ನಿಮ್ಮಜ್ಜನ ಧೋತರದ ಕೆಳಗೆ ಇಡುತ್ತೇನೆ. ಮುಂದೆ ಅವು ನಿಮ್ಮವು. ಪೆನ್ಸಿಲಿನಿಂದ ಬರೆದಿದ್ದೇನೆ, ಬಿಸಿಲಿಗೆ, ನೀರಿಗೆ ಬಿಡಬೇಡಿ. ಮನೆ ಬದಲಿಸಿದರೆ ಮರೆಯದೆ ಜೊತೆಗೆ ಒಯ್ಯಿರಿ. ಎಲ್ಲಾದರೂ ತಪ್ಪು ಬರೆದಿದ್ದರೆ ಅದರ ಮೇಲೆ ಒಂದು ಗೆರೆ ಎಳೆಯಿರಿ. ರಬ್ಬರ್ ಮಾತ್ರ ಹಚ್ಚಬೇಡಿ.